ಗಣಿ ಮುಚ್ಚುವ ಮುನ್ನ: ದುಡಿಮೆ, ಮುಂದಾಲೋಚನೆ ಮತ್ತು ವಿಶ್ವಾಸ

ಶತಮಾನೋತ್ಸವದ ಸ್ಮರಣಸಂಚಿಕೆಗಳಲ್ಲಿ ದೇವಾಲಯದ ಅಸ್ತಿವಾರದ ಕಲ್ಲನ್ನು ಇರಿಸಿದವರಾರು, ಗೋಪುರದ ಗಂಟೆ ಎಲ್ಲಿಂದ ಬಂದಿತು, ಯಾವ ಯಾವ ಗುರುಗಳು ಎಷ್ಟೆಷ್ಟು ವರ್ಷ ಸೇವೆ ಸಲ್ಲಿಸಿದರು ಎಂಬ ವಿವರಗಳಿರುವುದು ವಾಡಿಕೆ, ಇರಬೇಕಾದುದೂ ಹೌದು. ಆದರೆ ಆ ಗೋಪುರವನ್ನೆತ್ತಿದ ಕಾಣಿಕೆ ಯಾರ ಸಂಬಳದಿಂದ ಬಂದಿತು, ಆ ಸಂಬಳ ನಿಂತುಹೋದ ದಿನ ಆ ಮನೆಗಳಲ್ಲಿ ಏನಾಯಿತು ಎಂಬ ಚರಿತ್ರೆ ಬರಹಕ್ಕಿಳಿಯುವುದು ಅಪರೂಪ. ಕೆಲಸ ಹೋಗಬಹುದೆಂಬ ಅಂಜಿಕೆ ಇಂದು ನಮ್ಮ ಧರ್ಮಕೇಂದ್ರದ ಅನೇಕ ಮನೆಗಳಲ್ಲಿ, ಬಾಯಿಬಿಟ್ಟು ಆಡದಿದ್ದರೂ, ಮನೆಮಾಡಿಕೊಂಡಿರುವುದರಿಂದ ಆ ಚರಿತ್ರೆಯ ಒಂದು ಅಧ್ಯಾಯವನ್ನಾದರೂ ಇಲ್ಲಿ ಸ್ಮರಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ. ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರಿದ ನಮಗೆ ಅದಕ್ಕಾಗಿ ಬಹುದೂರ ಹೋಗಬೇಕಾಗಿಯೂ ಇಲ್ಲ. ಕೋಲಾರದ ಚಿನ್ನದ ಗಣಿ ನಮ್ಮದೇ ಧರ್ಮಕ್ಷೇತ್ರದ ಎಲ್ಲೆಯೊಳಗಿದೆ.

ಮಾರಿಕುಪ್ಪದ ಸುತ್ತಿನ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದುದನ್ನು 1802ರಲ್ಲಿ ಜಾನ್ ವಾರೆನ್ ಎಂಬ ಸೇನಾಧಿಕಾರಿ ಕಂಡು ಬರೆದಿಟ್ಟನು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಷ್ ಯೋಧ ಲವೆಲ್ 1875ರಲ್ಲಿ ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಪರವಾನಗಿ ಪಡೆದನು. 1880ರಲ್ಲಿ ಜಾನ್ ಟೇಲರ್ ಮತ್ತು ಸನ್ಸ್ ಕಂಪನಿ ಕಾಲಿಟ್ಟ ಮೇಲೆ ನಡೆದುದೆಲ್ಲ ಜಗಜ್ಜಾಹೀರು. ಮೈಸೂರು ಗಣಿ, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ಹೆಸರುಗಳು ಲಂಡನ್ನಿನ ಷೇರುಪೇಟೆಯಲ್ಲಿ ಮೊಳಗಿದವು. ಕಾರ್ನ್‌ವಾಲಿನ ಗಣಿಗಾರರು ಬಂದರು, ಇಟಲಿಯವರು ಬಂದರು. ಉತ್ತರ ಆರ್ಕಾಟು, ಚಿತ್ತೂರು ಕಡೆಗಳಿಂದ ಬರಗಾಲಕ್ಕೂ ಜಾತಿಯ ಕಟ್ಟಳೆಗೂ ಬೇಸತ್ತ ಬಡಜನ ಸಾವಿರ ಸಾವಿರವಾಗಿ ಬಂದರು. ಅವರಲ್ಲಿ ಕಥೋಲಿಕರು ಬಹುಮಂದಿ. ಜನರ ಹಿಂದೆಯೇ ಗುರುಗಳೂ ಬಂದರು. ಬೆಂಗಳೂರು ಪ್ರತ್ಯೇಕ ಧರ್ಮಕ್ಷೇತ್ರವಾದುದು 1940ರಲ್ಲಿ. ಅದಕ್ಕೆ ಮುಂಚೆ ಮೈಸೂರು ಧರ್ಮಕ್ಷೇತ್ರದ ಫ್ರೆಂಚ್ ಮಿಷನರಿಗಳ ಆರೈಕೆಯಲ್ಲಿ ಈ ವಿಶ್ವಾಸಿಗಳ ಸಮೂಹ ಬೆಳೆಯಿತು. ಚಾಂಪಿಯನ್ ರೀಫ್ಸಿನ ವಿಜಯಮಾತೆಯ ದೇವಾಲಯ ಅವರ ಶ್ರದ್ಧೆಗೆ ಇಂದಿಗೂ ಸಾಕ್ಷಿಯಾಗಿ ನಿಂತಿದೆ.

ಆ ಊರಿನ ಭಾಗ್ಯವನ್ನು ಏನೆಂದು ಬಣ್ಣಿಸೋಣ! ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಗಣಿಗೆ ಹರಿದು ಬಂದಿತು. ರಾಜಧಾನಿಯಾಗಲಿದ್ದ ಬೆಂಗಳೂರಿನ ಬೀದಿಗಳು ದೀಪ ಕಂಡುದು ಮೂರು ವರ್ಷಗಳ ತರುವಾಯ. ಬೇತಮಂಗಲದ ನೀರು ಕೊಳಾಯಿಯಲ್ಲಿ ಬಂದಿತು. ಆಸ್ಪತ್ರೆ ಕಂಪನಿಯದು, ಮನೆ ಕಂಪನಿಯದು, ದೀಪ ಕಂಪನಿಯದು, ನೀರೂ ಕಂಪನಿಯದು. ಸಾಲುಮನೆಯ ಒಂದು ಕೋಣೆಯಲ್ಲಿ ಹತ್ತು ಜನ ಮಲಗುತ್ತಿದ್ದರೂ, ನೆಲದಡಿಯಲ್ಲಿ ಶಿಲಾಸ್ಫೋಟಕ್ಕೆ ಸಿಕ್ಕಿ ಸಾಯುವವರಿದ್ದರೂ, ಕಲ್ಲಿನ ಧೂಳು ಎದೆಗೂಡನ್ನು ತಿನ್ನುತ್ತಿದ್ದರೂ, ತಿಂಗಳಾದರೆ ಸಂಬಳ ಬರುತ್ತದೆಂಬ ಒಂದು ಧೈರ್ಯ ಎಲ್ಲವನ್ನೂ ಸಹ್ಯವಾಗಿಸಿತ್ತು. ಬದುಕಿನ ಎಲ್ಲ ಕಂಬಗಳೂ ಒಂದೇ ಬಂಡೆಯ ಮೇಲೆ ನಿಂತಿದ್ದವು. ಆ ಬಂಡೆಯೋ, ದಿನದಿನವೂ ಕೊರೆದು ಹೊರತೆಗೆಯುವ ಬಂಡೆ!

ಗಣಿ 2001ರ ಫೆಬ್ರವರಿ 28ರಂದು ನಿಂತಿತು. ಅದೊಂದು ಸಿಡಿಲಿನಂತೆ ಎರಗಿತೆಂದು ಹೇಳುವವರುಂಟು. ಚರಿತ್ರೆ ಹಾಗೆ ಹೇಳುವುದಿಲ್ಲ. ಆರಂಭದ ವರ್ಷಗಳಲ್ಲಿ ಒಂದು ಟನ್ ಅದಿರಿಗೆ ನಲವತ್ತು ಗ್ರಾಮಿಗೂ ಮಿಕ್ಕಿ ಸಿಗುತ್ತಿದ್ದ ಚಿನ್ನ ಕಡೆಕಡೆಗೆ ಮೂರು ನಾಲ್ಕು ಗ್ರಾಮಿಗೆ ಇಳಿದಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಸಾವಿರ ಮೀಟರಿಗೂ ಆಳಕ್ಕೆ ಹೋಗಿತ್ತು. ಅಲ್ಲಿನ ಬಂಡೆ ಮುಟ್ಟಲಾಗದಷ್ಟು ಬಿಸಿ. ಗಾಳಿಯನ್ನು ತಣಿಸಿ ಒಳಗೆ ಕಳುಹಿಸುವುದಕ್ಕೇ ಅಪಾರ ವೆಚ್ಚ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಕೇಂದ್ರ ಸರ್ಕಾರ. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ರೂಪುಗೊಂಡಿತು. ಹೀಗೆ ಒಡೆಯರು ಬದಲಾದಂತೆಲ್ಲ ಅದಿರು ಬಡವಾಗುತ್ತಲೇ ಇತ್ತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚಿದ್ದ ಕಾರ್ಮಿಕರು ಕಡೆಗೆ ಕೆಲವೇ ಸಾವಿರಕ್ಕೆ ಇಳಿದರು. 1992ರಲ್ಲಿ ಸಂಸ್ಥೆಯನ್ನು ರೋಗಗ್ರಸ್ತ ಉದ್ಯಮಗಳ ಮಂಡಳಿಯ ಮುಂದೆ ಒಯ್ಯಲಾಯಿತು; 2000ದಲ್ಲಿ ಮಂಡಳಿ ಮುಚ್ಚುವುದೇ ಸರಿಯೆಂದಿತು. ಮೊದಲ ಎಚ್ಚರಿಕೆಗೂ ಕೊನೆಯ ಪಾಳಿಗೂ ನಡುವೆ ಒಂದು ತಲೆಮಾರಿಗೂ ಮೀರಿದ ಕಾಲ ಸಂದಿತ್ತು.

ಆ ಕಾಲವನ್ನು ಯಾರು ಹೇಗೆ ಬಳಸಿಕೊಂಡರು ಎಂಬುದೇ ನಮ್ಮ ಪ್ರಶ್ನೆ. ಚಿನ್ನವೆಂಬುದು ಮುಗಿಯುವ ವಸ್ತುವಲ್ಲ, ಸರ್ಕಾರವೆಂಬುದು ಕೈಬಿಡುವ ಒಡೆಯನಲ್ಲ ಎಂದು ನಂಬಿದವರು ಹಲವರು. ಅಪ್ಪನ ಕೆಲಸ ಮಗನಿಗೆ ಬರುತ್ತಿದ್ದ ಕಾಲವನ್ನು ಕಂಡವರಿಗೆ ಆ ನಂಬಿಕೆ ಸಹಜವೇ. ಕೂಲಿಕಾರನನ್ನಷ್ಟೇ ದೂರುವುದು ನ್ಯಾಯವಲ್ಲ. ಕೈಗೆ ಬಂದುದು ಬಾಯಿಗೇ ಸಾಲದಿದ್ದಾಗ ಉಳಿತಾಯದ ಉಪದೇಶ ಮಾಡುವುದು ಸುಲಭ. ನೂರಿಪ್ಪತ್ತು ವರ್ಷಗಳಲ್ಲಿ ಎಂಟುನೂರು ಟನ್ನಿನಷ್ಟು ಚಿನ್ನ ಕೊಟ್ಟ ನೆಲಕ್ಕೆ, ಭಾರತ್ ಅರ್ಥ್ ಮೂವರ್ಸ್ ಕಾರ್ಖಾನೆಯೊಂದನ್ನು ಬಿಟ್ಟರೆ, ಬೇರೊಂದು ದೊಡ್ಡ ದುಡಿಮೆಯ ಆಸರೆ ಒದಗಲಿಲ್ಲವೆಂಬುದನ್ನು ಮರೆಯಲಾಗದು. ಆದರೆ ಮಕ್ಕಳನ್ನು ಗಣಿಗಿಳಿಸದೆ ಶಾಲೆಗೆ ಕಳುಹಿಸಿದ ತಾಯಂದಿರೂ ಅಲ್ಲಿದ್ದರು. ಧರ್ಮಕೇಂದ್ರಗಳ ಶಾಲೆಗಳಲ್ಲಿ, ಕನ್ಯಾಸ್ತ್ರೀಯರ ಕೈಕೆಳಗೆ ಓದಿದ ಆ ಮಕ್ಕಳು ಶಿಕ್ಷಕರಾದರು, ದಾದಿಯರಾದರು, ಯಂತ್ರ ಬಲ್ಲವರಾದರು. ಗಣಿ ಮುಚ್ಚಿದ ಮೇಲೆ ಮಾರಿಕುಪ್ಪದಿಂದ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ನಸುಕಿನಲ್ಲಿ ಹೊರಡುವ ರೈಲುಗಳನ್ನು ತುಂಬಿದವರು ಇವರೇ. ದಿನಕ್ಕೆ ನಾಲ್ಕೈದು ಗಂಟೆ ರೈಲಿನಲ್ಲಿ ಕಳೆದು ಇರುಳಿಗೆ ಮನೆ ಸೇರುವ ಆ ಬಾಳು ಸುಖದ್ದಲ್ಲ. ಆದರೂ ಅದು ಬಾಳು.

ಈ ಸಂದರ್ಭದಲ್ಲಿ ಸಂತ ಲೂಕನ ಶುಭಸಂದೇಶದ ಹದಿನಾರನೆಯ ಅಧ್ಯಾಯ ನೆನಪಿಗೆ ಬರುತ್ತದೆ. ಕೆಲಸ ಕಳೆದುಕೊಳ್ಳಲಿರುವ ಮನುಷ್ಯನನ್ನೇ ಕುರಿತು ಯೇಸುಸ್ವಾಮಿ ಹೇಳಿದ ಸಾಮತಿಯೊಂದು ಇದೆಯೆಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಲೆಕ್ಕ ಒಪ್ಪಿಸಿ ಹೊರಡೆಂದು ಒಡೆಯನು ಹೇಳಿದೊಡನೆ ಆ ಮೇಸ್ತ್ರಿ ಅಳುತ್ತ ಕೂರಲಿಲ್ಲ. ತನ್ನ ಮೈ ಎಂತಹ ಕೆಲಸವನ್ನು ತಾಳಬಲ್ಲುದು, ಭಿಕ್ಷೆಗೆ ಮನಸ್ಸು ಒಪ್ಪೀತೆ, ಯಾರ ಮನೆಯ ಬಾಗಿಲು ತನಗೆ ತೆರೆದೀತು ಎಂದು ಲೆಕ್ಕ ಹಾಕಿದನು. ಅವನ ಮೋಸವನ್ನು ಸ್ವಾಮಿ ಮೆಚ್ಚಲಿಲ್ಲ, ನಿಜ. ಆದರೆ ಉಳಿದ ಅಲ್ಪಕಾಲವನ್ನು ಅವನು ಬಳಸಿಕೊಂಡ ಜಾಣ್ಮೆ ಬೆಳಕಿನ ಮಕ್ಕಳಲ್ಲಿ ಕಾಣದೆಂದು ಅವರು ಮರುಗಿದರು. ಈ ಮಾತನ್ನು ಹೇಳಿದವರೇ ಆಕಾಶದ ಹಕ್ಕಿಗಳನ್ನೂ ಹೊಲದ ಹೂಗಳನ್ನೂ ತೋರಿಸಿ, ನಾಳಿನ ಕಳವಳ ಬೇಡವೆಂದವರು. ಇವೆರಡಕ್ಕೂ ವಿರೋಧವಿಲ್ಲ. ಕಳವಳ ಬೇರೆ, ಮುಂದಾಲೋಚನೆ ಬೇರೆ. ಸಂತ ತೋಮಸ್ ಅಕ್ವಿನಾಸರು ಮುಂದಾಲೋಚನೆಯನ್ನು ವಿವೇಕವೆಂಬ ಸದ್ಗುಣದ ಮುಖ್ಯ ಅಂಗವೆಂದರು. ದೇವರ ಪರಿಪಾಲನೆಗೂ ಮನುಷ್ಯನ ಮುಂದಾಲೋಚನೆಗೂ ಲತೀನಿನಲ್ಲಿ ಇರುವುದು ಒಂದೇ ಪದ. ದೇವರು ನೋಡಿಕೊಳ್ಳುವನೆಂದು ಕೈಕಟ್ಟಿ ಕೂರುವವರು ಆ ಪದದ ಅರ್ಧವನ್ನಷ್ಟೇ ಬಲ್ಲವರು.

ಆದಿಕಾಂಡದ ಜೋಸೆಫನು ಸಮೃದ್ಧಿಯ ಏಳು ವರ್ಷ ಬೆಳೆಯ ಐದರಲ್ಲೊಂದು ಪಾಲನ್ನು ಕಣಜಕ್ಕೆ ತುಂಬಿಸಿದುದು ಎಲ್ಲರೂ ಬಲ್ಲ ಕಥೆ. ಅಷ್ಟಾಗಿ ಬಳಕೆಯಲ್ಲಿಲ್ಲದ ಇನ್ನೊಂದು ನಿದರ್ಶನ ಪ್ರೇಷಿತರ ಕಾರ್ಯಕಲಾಪಗಳಲ್ಲಿದೆ. ಚಕ್ರವರ್ತಿ ಕ್ಲೌದಿಯನ ಆಜ್ಞೆಯಿಂದ ರೋಮಿನಿಂದ ಹೊರಬಿದ್ದ ಅಕ್ವಿಲ, ಪ್ರಿಸಿಲ್ಲ ದಂಪತಿಗಳು ಕೊರಿಂಥಕ್ಕೆ ಬಂದರು. ಊರು ಹೋಗಿದ್ದರೂ ಗುಡಾರ ಹೊಲಿಯುವ ಕಸುಬು ಅವರ ಕೈಯಲ್ಲಿತ್ತು. ಅದೇ ಕಸುಬಿನ ಸಂತ ಪೌಲರು ಅವರಲ್ಲಿಯೇ ಉಳಿದು ಹಗಲು ದುಡಿದರು, ಸಬ್ಬತ್ತಿನಲ್ಲಿ ಬೋಧಿಸಿದರು. ಕೊರಿಂಥದ ಧರ್ಮಸಭೆ ಮೊಳೆತುದು ಕೆಲಸ ಕಳೆದುಕೊಂಡು ಬಂದವರ ಮನೆಯಲ್ಲಿ ಎಂದರೆ ತಪ್ಪಾಗಲಾರದು.

ಕೋಲಾರದ ಗಣಿಗಳು ಏರುತ್ತಿದ್ದ ದಿನಗಳಲ್ಲಿಯೇ, 1891ರಲ್ಲಿ, ಹದಿಮೂರನೆಯ ಲಿಯೋ ಜಗದ್ಗುರುಗಳು ಕಾರ್ಮಿಕರನ್ನು ಕುರಿತ ತಮ್ಮ ವಿಶ್ವಪರಿಪತ್ರವನ್ನು ಹೊರಡಿಸಿದರು. ದುಡಿಯುವವನು ಮಿತವ್ಯಯಿಯಾದರೆ ಅಲ್ಪಸ್ವಲ್ಪ ಉಳಿಸಲು ಸಾಧ್ಯವಾಗುವಷ್ಟು ಕೂಲಿ ಅವನಿಗೆ ಸಲ್ಲಬೇಕೆಂಬುದು ಅವರ ಆಶಯ. ಕಾಯಿಲೆ, ಮುಪ್ಪು, ಆಪತ್ತುಗಳಲ್ಲಿ ನೆರವಾಗಲು ಕಾರ್ಮಿಕರ ಸಂಘಗಳು ನಿಧಿಯನ್ನು ಕೂಡಿಡಲಿ ಎಂದೂ ಅವರು ಬಯಸಿದರು. ಉಳಿತಾಯ ಒಬ್ಬನ ಶಿಸ್ತಷ್ಟೇ ಅಲ್ಲ, ನ್ಯಾಯವಾದ ಕೂಲಿಯ ಫಲವೂ ಹೌದೆಂಬ ಈ ನಿಲುವು ನಮಗೆ ಬಹು ಮುಖ್ಯವಾಗಿ ತೋರುತ್ತದೆ. 1981ರಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಇನ್ನೂ ಮುಂದೆ ಹೋಗಿ, ನಿರುದ್ಯೋಗಿಯ ಕುಟುಂಬಕ್ಕೆ ಜೀವನಾಧಾರ ಒದಗಿಸುವುದು ಬದುಕುವ ಹಕ್ಕಿನಿಂದಲೇ ಹುಟ್ಟುವ ಕರ್ತವ್ಯವೆಂದು ಸಾರಿದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರುಗಳು ಹದಿನಾಲ್ಕನೆಯ ಲಿಯೋ ಎಂಬ ಹೆಸರನ್ನು ಆರಿಸಿಕೊಂಡುದೂ ಆ ಹಳೆಯ ಪರಿಪತ್ರವನ್ನು ನೆನೆದೇ. ಕೃತಕ ಬುದ್ಧಿಮತ್ತೆಯ ಯಂತ್ರಗಳು ದುಡಿಮೆಗೆ ತಂದಿರುವ ಸವಾಲನ್ನು ಅವರು ಬಹಿರಂಗವಾಗಿಯೇ ಹೇಳಿದರು. ಬೆಂಗಳೂರಿನಲ್ಲಿ ಗಣಕಯಂತ್ರದ ಮುಂದೆ ಕುಳಿತು ದುಡಿಯುವ ನಮ್ಮ ಯುವಜನರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪರಿಪತ್ರಗಳು ಕಾಗದದಲ್ಲಿಯೇ ಉಳಿಯಲಿಲ್ಲವೆಂಬುದು ಸಂತೋಷದ ಸಂಗತಿ. ಛೋಟಾನಾಗಪುರದ ಆದಿವಾಸಿಗಳನ್ನು ಬಡ್ಡಿಸಾಲದಿಂದ ಬಿಡಿಸಲು ಯೇಸುಸಭೆಯ ಹಾಫ್‌ಮನ್ ಗುರುಗಳು 1909ರಲ್ಲಿ ಕಥೋಲಿಕ ಸಹಕಾರ ಸಂಘವನ್ನು ಕಟ್ಟಿದರು. ಮಂಗಳೂರಿನ ಕಥೋಲಿಕ ಸಹಕಾರಿ ಬ್ಯಾಂಕು 1912ರಲ್ಲಿ ಹುಟ್ಟಿತು. ನಮ್ಮ ಧರ್ಮಕೇಂದ್ರಗಳಲ್ಲಿ ಸಂತ ವಿನ್ಸೆಂಟ್ ದೆ ಪಾಲರ ಸಭೆಯವರು ಗುಟ್ಟಾಗಿ ಅಕ್ಕಿಯ ಚೀಲವನ್ನು ಮನೆಬಾಗಿಲಿಗೆ ಮುಟ್ಟಿಸುವುದೂ ಇದೇ ಪರಂಪರೆಗೆ ಸೇರಿದುದು. ಆದರೆ ಅಕ್ಕಿಯ ಚೀಲ ಬರುವುದು ಕೆಲಸ ಹೋದ ಮೇಲೆ. ಹೋಗುವ ಮುನ್ನ ಮಾಡಬೇಕಾದುದನ್ನು ಕುರಿತು ನಾವು ಆಡುವುದು ಕಡಿಮೆ.

ಕಾಯಿದೆ ಕೊಟ್ಟ ಆಸರೆ ಸಣ್ಣದಲ್ಲ. 1952ರ ಭವಿಷ್ಯನಿಧಿ, ಕೆಲಸದಿಂದ ತೆಗೆದರೆ ವರ್ಷಕ್ಕೆ ಹದಿನೈದು ದಿನಗಳ ಸಂಬಳವನ್ನು ಪರಿಹಾರವಾಗಿ ವಿಧಿಸಿದ 1953ರ ತಿದ್ದುಪಡಿ, 1972ರ ಗ್ರಾಚ್ಯುಯಿಟಿ ಕಾಯಿದೆ ಇವೆಲ್ಲ ಕಾರ್ಮಿಕರು ಹೋರಾಡಿ ಪಡೆದವು. ಆದರೆ ಇವು ಇಡುಗಂಟಾಗಿ ಬರುತ್ತವೆ. ಇಡುಗಂಟು ಕೈಯಲ್ಲಿ ನಿಲ್ಲುವುದಿಲ್ಲ. ಜೀವಮಾನದಲ್ಲಿ ಕಾಣದ ಮೊತ್ತವನ್ನು ಒಮ್ಮೆಲೆ ಕಂಡ ಮನೆಗೆ ನೆಂಟರು ನೆನಪಾಗುತ್ತಾರೆ, ನಿಂತ ಮದುವೆಗಳು ಕೂಡಿಬರುತ್ತವೆ, ಹೊಸ ಆಟೋರಿಕ್ಷಾ ಬಾಗಿಲಿಗೆ ಬರುತ್ತದೆ. ಮೊದಲು ಹಳೆಯ ಸಾಲ, ಅದರಲ್ಲಿಯೂ ಬಡ್ಡಿ ಹೆಚ್ಚಿನ ಕೈಸಾಲ ತೀರಿಸಿ, ಆರು ತಿಂಗಳ ಅಡಿಗೆ ಮನೆಯ ಖರ್ಚು, ಬಾಡಿಗೆ, ಮಕ್ಕಳ ಶಾಲೆಯ ಶುಲ್ಕವನ್ನು ಬೇರೆಯಾಗಿರಿಸಿ, ಉಳಿದುದನ್ನು ಕುರಿತು ಆಮೇಲೆ ಯೋಚಿಸುವುದು ಕ್ಷೇಮ. ಈ ಲೆಕ್ಕವನ್ನು ಸಂಬಳ ಬರುತ್ತಿರುವಾಗಲೇ ಬರೆದಿಟ್ಟುಕೊಳ್ಳಬೇಕು. ಮನೆಯಾಕೆಗೆ ಮರೆಮಾಡಿ ಬರೆಯುವುದಂತೂ ಕೂಡದು. ಕಾರ್ಖಾನೆಗೆ ಬೀಗ ಬಿದ್ದ ಮೇಲೂ ಊಟದ ಡಬ್ಬಿ ಹಿಡಿದು ದಿನವೂ ಮನೆಯಿಂದ ಹೊರಡುವ ಗಂಡಸರಿರುತ್ತಾರೆಂದು ಕೇಳುತ್ತೇವೆ. ಆ ನಾಚಿಕೆಗೆ ಕಾರಣವಿಲ್ಲ. 2016ರಲ್ಲಿ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿದಾಗ, 2020ರ ಮಹಾಮಾರಿಯಲ್ಲಿ ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳ ಹೆಣ್ಣುಮಕ್ಕಳು ಬರಿಗೈಯಲ್ಲಿ ಮನೆಗೆ ಮರಳಿದಾಗ, ಅವರ ಕೈಗೆಲಸದಲ್ಲಿ ಯಾವ ಲೋಪವೂ ಇರಲಿಲ್ಲ.

ಧರ್ಮಕೇಂದ್ರವೇ ಮಾಡಬಹುದಾದ ಒಂದು ಸಣ್ಣ ಕೆಲಸವನ್ನು ಸೂಚಿಸುತ್ತೇವೆ. ನಮ್ಮಲ್ಲಿ ಜ್ಞಾನಸ್ನಾನದ ದಾಖಲೆಯಲ್ಲಿ ಫ್ರಾನ್ಸಿಸ್ ಝೇವಿಯರ್ ಎಂದಿರುವವರು ಕಾರ್ಖಾನೆಯ ಪುಸ್ತಕದಲ್ಲಿ ಚೌರಪ್ಪ ಆಗಿರುತ್ತಾರೆ. ಇಗ್ನೇಷಿಯಸ್ ಇನ್ನಾಸಪ್ಪನಾಗಿ, ಪೀಟರ್ ರಾಯಪ್ಪನಾಗಿ ನಿವೃತ್ತರಾಗುತ್ತಾರೆ. ಭವಿಷ್ಯನಿಧಿಯ ಕಚೇರಿಗೆ ಇವರಿಬ್ಬರೂ ಒಬ್ಬರೇ ಎಂದು ರುಜುವಾತು ಪಡಿಸುವಷ್ಟರಲ್ಲಿ ತಿಂಗಳುಗಳು ಉರುಳುತ್ತವೆ, ಅದೂ ಮನೆಯಲ್ಲಿ ಒಲೆ ಉರಿಯುವುದೇ ಕಷ್ಟವಾದ ತಿಂಗಳುಗಳು. ವಾರಸುದಾರರ ಹೆಸರಿನ ಕಥೆಯೂ ಹಾಗೆಯೇ: ಮದುವೆಗೆ ಮುಂಚೆ ಬರೆಸಿದ ತಾಯಿಯ ಹೆಸರು ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೂ ಉಳಿದಿರುತ್ತದೆ. ಹನ್ನೆರಡನೆಯ ಪಿಯೂಸ್ ಜಗದ್ಗುರುಗಳು 1955ರಲ್ಲಿ ಮೇ 1ನ್ನು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವೆಂದು ನಿಯಮಿಸಿದರು. ಆ ದಿನದ ಬಲಿಪೂಜೆ ಮುಗಿದ ಮೇಲೆ ಗುರುಗಳ ಮನೆಯ ಜಗಲಿಯಲ್ಲಿ ಜ್ಞಾನಸ್ನಾನದ ಹಾಗೂ ವಿವಾಹದ ದಾಖಲೆ ಪುಸ್ತಕಗಳನ್ನು ತೆರೆದಿಟ್ಟು, ಪ್ರತಿಯೊಂದು ಕುಟುಂಬವೂ ತನ್ನ ಕಾಗದಪತ್ರಗಳನ್ನು ತಂದು ಅವುಗಳೊಡನೆ ತಾಳೆ ನೋಡಿಕೊಳ್ಳಬಹುದು. ಓದುಬರಹ ಬಲ್ಲ ನಾಲ್ಕು ಯುವಕ ಯುವತಿಯರು ಜೊತೆಗಿದ್ದರೆ ಒಂದು ಬೆಳಗಿನ ಹೊತ್ತು ಸಾಕು.