ಸಿಲಿಂಡರ್‌ನಲ್ಲಿ ಇದ್ದದ್ದು ಆಕ್ಸಿಜನ್ ಅಲ್ಲ!

ಹೋದ ಸಲ ಹುಣಸೂರಿಂದ ನಾವು ನಾಲ್ಕು ಜನ ಗೆಳೆಯರು ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ ಡೈವಿಂಗ್ ಮಾಡಿ ಬಂದ್ವಿ. ಮನೆಗೆ ಬಂದ ತಕ್ಷಣ ಅಮ್ಮ ಕೇಳಿದ್ದು ಒಂದೇ: "ಆಕ್ಸಿಜನ್ ಸಿಲಿಂಡರ್ ಸರಿಯಾಗಿತ್ತೇನೋ?"

ನಾನೂ ಅದನ್ನ ಆಕ್ಸಿಜನ್ ಅಂತಲೇ ಅಂದುಕೊಂಡಿದ್ದೆ. ಅದರಲ್ಲಿ ಇದ್ದದ್ದು ನಾವು ದಿನಾ ಉಸಿರಾಡೋ ಗಾಳಿ, ಒತ್ತಿ ತುಂಬಿದ್ದು ಅಷ್ಟೇ. ಬರೀ ಆಕ್ಸಿಜನ್ ತುಂಬಿದ್ರೆ 6 ಮೀಟರ್ ದಾಟಿದ ಮೇಲೆ ಅದೇ ವಿಷ. ಫಿಟ್ಸ್ ಬರಬಹುದು. ನೀರೊಳಗೆ ಫಿಟ್ಸ್ ಬಂದ್ರೆ ಉಳಿಯೋದು ಕಷ್ಟ.

ಇದನ್ನ ಮೊದಲು ತೋರಿಸಿದವನು ಫ್ರಾನ್ಸಿನ ಪಾಲ್ ಬರ್ಟ್, 1878ರಲ್ಲಿ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತೆ. ಒತ್ತಡ ಹೆಚ್ಚಿದಷ್ಟೂ ಗಾಳಿಯಲ್ಲಿರೋ ನೈಟ್ರೋಜನ್ ರಕ್ತದಲ್ಲಿ ಕರಗುತ್ತೆ. ಕಾಮರ್ಸ್ ಓದಿದವನಾಗಿ ಹೇಳ್ತೀನಿ, ಇದು ಸಾಲ. ಕೆಳಗಿದ್ದಷ್ಟು ಹೊತ್ತು ಏರ್ತಾನೇ ಇರುತ್ತೆ. ಗಡಿಬಿಡಿಯಲ್ಲಿ ಮೇಲೆ ಬಂದ್ರೆ ಸೋಡಾ ಬಾಟಲಿ ತೆಗೆದಂಗೆ ರಕ್ತದಲ್ಲಿ ಗುಳ್ಳೆ ಏಳುತ್ತೆ.

ಈ ಸಾಲಕ್ಕೆ ಕಂತು ಲೆಕ್ಕ ಹಾಕಿಕೊಟ್ಟವರು ಜಾನ್ ಸ್ಕಾಟ್ ಹಾಲ್ಡೇನ್. ಆಡುಗಳ ಮೇಲೆ ಪ್ರಯೋಗ ಮಾಡಿ, 1908ರಲ್ಲಿ, ಎಲ್ಲೆಲ್ಲಿ ಎಷ್ಟು ನಿಮಿಷ ನಿಂತು ಮೇಲೆ ಬರಬೇಕು ಅನ್ನೋ ಪಟ್ಟಿ ಕೊಟ್ಟರು. ಅವರ ಮಗ ಜೆ.ಬಿ.ಎಸ್. ಹಾಲ್ಡೇನ್ ತಮ್ಮ ಮೈಮೇಲೇ ಪರೀಕ್ಷೆ ಮಾಡಿಕೊಂಡರು. 1939ರಲ್ಲಿ ಥೀಟಿಸ್ ಜಲಾಂತರ್ಗಾಮಿ ಮುಳುಗಿ 99 ಜನ ಸತ್ತ ಮೇಲೆ, ಒತ್ತಡದ ಕೋಣೆಯೊಳಗೆ ಕೂತು ಆಕ್ಸಿಜನ್, ಇಂಗಾಲದ ಡೈ ಆಕ್ಸೈಡ್ ಉಸಿರಾಡಿ ನೋಡಿದರು. 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಈಗ ನಮ್ಮ ಕಡೆಗೆ ಬರೋಣ. ಎಚ್.ಡಿ. ಕೋಟೆಯ ಕಬಿನಿ ಜಲಾಶಯ ತುಂಬಿದಾಗ ಸಮುದ್ರಮಟ್ಟದಿಂದ 2,284 ಅಡಿ, ಅಂದ್ರೆ ಸುಮಾರು 696 ಮೀಟರ್ ಎತ್ತರ. 300 ಮೀಟರ್‌ಗಿಂತ ಎತ್ತರದ ನೀರಲ್ಲಿ ಸಮುದ್ರದ ಪಟ್ಟಿ ಹಾಗೇ ನಡೆಯಲ್ಲ. ಮೇಲಿನ ಗಾಳಿಯ ಒತ್ತಡ ಕಮ್ಮಿ, ಹಾಗಾಗಿ ಗುಳ್ಳೆ ಏಳೋ ಸಾಧ್ಯತೆ ಜಾಸ್ತಿ. ನೇತ್ರಾಣಿ ಲೆಕ್ಕ ಹಿಡ್ಕೊಂಡು ಕಬಿನಿಯಲ್ಲಿ ಇಳಿಯೋ ಹಾಗಿಲ್ಲ.

ಇನ್ನೊಂದು ಮಾತು. ಸಿಲಿಂಡರ್ ತುಂಬೋ ಕಂಪ್ರೆಸರ್ ಎಂಜಿನ್ ಹೊಗೆ ಎಳ್ಕೊಂಡ್ರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಆಳಕ್ಕೆ ಹೋಗೋ ಡೈವರ್‌ಗಳು ಬೇರೆ ಬೇರೆ ಮಿಶ್ರಣದ ಅನಿಲ ಬಳಸ್ತಾರೆ. ಅದಕ್ಕೇ ಪ್ರತಿ ಸಿಲಿಂಡರನ್ನೂ ತಾವೇ ಮೀಟರಿಟ್ಟು ನೋಡಿ, ಚೀಟಿ ಅಂಟಿಸ್ತಾರೆ. ಇನ್ನೊಬ್ಬರ ಮಾತು ನಂಬಲ್ಲ.

ನಾವು ಡೈವರ್‌ಗಳಲ್ಲ, ನಮಗ್ಯಾಕೆ ಅಂತೀರಾ? ಪಿರಿಯಾಪಟ್ಟಣ, ಕೆ.ಆರ್. ನಗರ ಕಡೆ ಹಳೇ ಬಾವಿಗಳಿವೆ. ಮೋಟರ್ ಸರಿಮಾಡೋಕೆ ಒಬ್ಬರು ಇಳಿದು ಕುಸಿದ್ರೆ, ಎತ್ತೋಕೆ ಇನ್ನೊಬ್ಬರು ಇಳೀತಾರೆ. ಅವರೂ ಮೇಲೆ ಬರಲ್ಲ. ಲಾಟೀನು ಇಳಿಸಿ ನೋಡೋದು ಹಿರಿಯರ ಪದ್ಧತಿ. ಆದ್ರೆ ದೀಪ ಉರೀತಿದೆ ಅಂದ ಮಾತ್ರಕ್ಕೆ ವಿಷಾನಿಲ ಇಲ್ಲ ಅಂತಲ್ಲ. ಯಾರಾದ್ರೂ ಒಳಗೆ ಬಿದ್ರೆ ನೀವು ಇಳೀಬೇಡಿ, 112ಕ್ಕೆ ಕರೆ ಮಾಡಿ.

ನೂರೈವತ್ತು ವರ್ಷ ಜನ ಜೀವ ಕೊಟ್ಟು ಕಲಿತ ಪಾಠ ಇಷ್ಟೇ: ಉಸಿರೆಳೆಯೋಕೆ ಮುಂಚೆ, ಏನು ಉಸಿರಾಡ್ತಿದ್ದೀವಿ ಅಂತ ನೋಡ್ಕೊಳ್ಳಿ. ಮುಂದಿನ ವಾರ ಸಿಗೋಣ.