ಜಾತ್ರೆಯ ಟ್ರೇಲರಿಗೆ 12 ವೋಲ್ಟ್ ಬಂದದ್ದು ಹೇಗೆ?

ಮಾಘ ಮಾಸದ ಭಾರತ ಹುಣ್ಣಿಮೆ ಹತ್ತಿರ ಬಂತೆಂದರೆ ಚಿಕ್ಕೋಡಿ ತಾಲ್ಲೂಕಿನ ಕಬ್ಬೂರ ಕಡೆಯ ಹಳ್ಳಿಗಳಲ್ಲಿ ಟ್ರ್ಯಾಕ್ಟರಿನ ಟ್ರೇಲರುಗಳು ಮನೆಗಳಾಗಿ ಮಾರ್ಪಡುತ್ತವೆ. ಕಬ್ಬು ಹೇರುವ ಟ್ರೇಲರನ್ನು ತೊಳೆದು, ಬಿದಿರಿನ ಕಮಾನು ಕಟ್ಟಿ, ಮೇಲೆ ತಾಡಪತ್ರಿ ಹೊದಿಸುತ್ತಾರೆ. ಒಳಗೆ ಕಣಕಿ ಹಾಸಿ ಅದರ ಮೇಲೆ ಜಮಖಾನೆ ಹರಡುತ್ತಾರೆ. ರೊಟ್ಟಿಯ ಗಂಟು, ನೀರಿನ ಕೊಡ, ಮಕ್ಕಳು, ಮುದುಕರು ಎಲ್ಲರೂ ಏರಿದ ಮೇಲೆ ಮನೆ ಹೊರಡುತ್ತದೆ. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲೋ ಸವದತ್ತಿ ಎಲ್ಲಮ್ಮನ ಗುಡ್ಡದಲ್ಲೋ ಆ ಕುಟುಂಬಕ್ಕೆ ಎರಡು ಮೂರು ರಾತ್ರಿ ಅದೇ ಸೂರು. ಪಾಶ್ಚಾತ್ಯ ದೇಶಗಳಲ್ಲಿ ವ್ಯಾನಿನೊಳಗೆ ಮನೆ ಕಟ್ಟಿಕೊಂಡು ತಿರುಗುವವರು ಅದನ್ನು ಕ್ಯಾಂಪರ್ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಬೇರೆ ಹೆಸರಿಲ್ಲ, ಆದರೆ ವಸ್ತು ಹೊಸದಲ್ಲ.

ಈ ಮನೆಯ ದೀಪ ಮಾತ್ರ ಕಾಲಕಾಲಕ್ಕೆ ಬದಲಾಗಿದೆ. ಕಮಾನು ಕಟ್ಟಿದ ಚಕ್ಕಡಿಯ ಕೆಳಗೆ ಕಂದೀಲು ತೂಗುತ್ತಿತ್ತು. ಬಳಿಕ ಗ್ಯಾಸ್ ಬತ್ತಿ ಬಂತು. ಟ್ರ್ಯಾಕ್ಟರು ಬಂದ ಮೇಲೆ ಅದರ ಬ್ಯಾಟರಿಯಿಂದ ಎರಡು ವೈರು ಎಳೆದು ಬಲ್ಬು ಹಚ್ಚುವುದು ರೂಢಿಯಾಯಿತು. ಈಗ ಎಲ್‌ಇಡಿ ಪಟ್ಟಿ, ಮೊಬೈಲ್ ಚಾರ್ಜರು, ಚಿಕ್ಕ ಫ್ಯಾನು ಸೇರಿವೆ. ಇವೆಲ್ಲದರ ಮೇಲೂ ನೀವು ಒಂದೇ ಸಂಖ್ಯೆಯನ್ನು ಕಾಣುತ್ತೀರಿ: 12 ವೋಲ್ಟ್. 10 ಅಲ್ಲ, 15 ಅಲ್ಲ, 12 ಏಕೆ? ಈ ಸಂಖ್ಯೆಯ ಇತಿಹಾಸ ಸ್ವಾರಸ್ಯಕರ. ಟ್ರೇಲರಿನೊಳಗೆ ಮಲಗುವವರ ಸುರಕ್ಷತೆಯೂ ಅದರಲ್ಲಿ ಅಡಗಿದೆ.

ಸೀಸದ ಕೊಡುಗೆ

1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ ಎರಡು ಸೀಸದ ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ಸುರುಳಿ ಸುತ್ತಿ, ದುರ್ಬಲ ಸಲ್ಫ್ಯೂರಿಕ್ ಆಮ್ಲದಲ್ಲಿ ಅದ್ದಿದ. ವಿದ್ಯುತ್ತನ್ನು ತುಂಬಿ ಮತ್ತೆ ಮತ್ತೆ ಬಳಸಬಹುದಾದ ಮೊದಲ ಪ್ರಾಯೋಗಿಕ ಕೋಶ ಅದು. ಅಂಥ ಒಂದು ಕೋಶದ ವಿಭವಾಂತರ ಸುಮಾರು 2 ವೋಲ್ಟ್. ಹಾಳೆಯನ್ನು ದೊಡ್ಡದು ಮಾಡಿದರೆ ಹೆಚ್ಚು ಹೊತ್ತು ವಿದ್ಯುತ್ ಸಿಗುತ್ತದೆಯೇ ಹೊರತು ವೋಲ್ಟು ಹೆಚ್ಚುವುದಿಲ್ಲ. ಅದು ಸೀಸ, ಸೀಸದ ಡೈಆಕ್ಸೈಡು ಮತ್ತು ಆಮ್ಲಗಳ ರಾಸಾಯನಿಕ ಗುಣದಿಂದ ಬಂದದ್ದು, ಯಾವ ಎಂಜಿನಿಯರನೂ ಆರಿಸಿದ್ದಲ್ಲ. ಹೆಚ್ಚು ವೋಲ್ಟು ಬೇಕಾದರೆ ಕೋಶಗಳನ್ನು ಸರಣಿಯಲ್ಲಿ ಜೋಡಿಸಬೇಕು: ಮೂರಕ್ಕೆ 6, ಆರಕ್ಕೆ 12, ಹನ್ನೆರಡಕ್ಕೆ 24.

ಪ್ಲಾಂಟೆಯ ಕೋಶವನ್ನು ಹದಗೊಳಿಸಲು ತಿಂಗಳುಗಟ್ಟಲೆ ತುಂಬಿಸಿ ಬರಿದು ಮಾಡಬೇಕಾಗುತ್ತಿತ್ತು. 1881ರಲ್ಲಿ ಕಮೀಲ್ ಫೋರ್ ಸೀಸದ ಹಾಳೆಗೆ ಸೀಸದ ಆಕ್ಸೈಡಿನ ಲೇಪ ಬಳಿದು ಈ ತೊಂದರೆಯನ್ನು ನಿವಾರಿಸಿದ. ಅದೇ ವರ್ಷ ಲಂಡನ್ನಿನಿಂದ ಬ್ರೈಟನ್ನಿಗೆ ಓಡಿದ ರೈಲಿನ ಒಂದು ಡಬ್ಬಿಯಲ್ಲಿ ಫೋರ್ ಬ್ಯಾಟರಿಗಳಿಂದ ವಿದ್ಯುದ್ದೀಪಗಳು ಬೆಳಗಿದವು. ಚಲಿಸುವ ಕೋಣೆಯೊಂದು ತನ್ನ ವಿದ್ಯುತ್ತನ್ನು ತಾನೇ ಹೊತ್ತು ಸಾಗಿದ ಕಥೆ ಅಲ್ಲಿಂದ ಆರಂಭವಾಯಿತೆನ್ನಬಹುದು. ಮುಂದೆ ಗಾಲಿಯ ಅಚ್ಚಿನಿಂದಲೇ ತಿರುಗುವ ಡೈನಮೊ ಸೇರಿಕೊಂಡಿತು. ರೈಲು ಓಡುವಾಗ ಅದು ಬ್ಯಾಟರಿ ತುಂಬುತ್ತದೆ, ನಿಂತಾಗ ಬ್ಯಾಟರಿ ದೀಪ ಹಚ್ಚುತ್ತದೆ.

ನಮ್ಮ ರೈಲುಗಳಲ್ಲಿ ಈ ವ್ಯವಸ್ಥೆ ಬಹುಕಾಲ 24 ವೋಲ್ಟಿನದಾಗಿತ್ತು. ಮೀರಜ–ಬೆಳಗಾವಿ ಮಾರ್ಗದ ರಾಯಬಾಗ, ಚಿಂಚಲಿ ಸ್ಟೇಷನ್ನುಗಳಲ್ಲಿ ಇಳಿಯುತ್ತಿದ್ದ ಯಾತ್ರಿಕನಿಗೆ ಬ್ಯಾಟರಿಯ ಬೆಳಕು ದೊರೆತದ್ದು ಚಕ್ಕಡಿಯಲ್ಲಿ ಬಂದವನಿಗಿಂತ ಎಷ್ಟೋ ಮೊದಲು. ಡಬ್ಬಿಗಳಲ್ಲಿ ಫ್ಯಾನು, ದೀಪಗಳ ಸಂಖ್ಯೆ ಹೆಚ್ಚಿದಂತೆ ರೈಲ್ವೆಯವರು 24 ಬಿಟ್ಟು 110 ವೋಲ್ಟಿಗೆ ಹೋದರು. ಏಕೆಂಬುದನ್ನು ಮುಂದೆ ನೋಡೋಣ.

ಆರರಿಂದ ಹನ್ನೆರಡಕ್ಕೆ

1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು ಬಂತು. ಹ್ಯಾಂಡಲ್ ತಿರುಗಿಸಿ ಎಂಜಿನ್ ಚಾಲೂ ಮಾಡುವ ಕಷ್ಟ ತಪ್ಪಿತು. ಅಲ್ಲಿಂದ ಮುಂದೆ ಬ್ಯಾಟರಿಯಿಲ್ಲದ ಕಾರು ಅಪರೂಪವಾಯಿತು. ಬಹುಪಾಲು ಅಮೆರಿಕನ್ ಕಾರುಗಳು ಮೂರು ಕೋಶಗಳ 6 ವೋಲ್ಟ್ ಬ್ಯಾಟರಿಗೇ ಅಂಟಿಕೊಂಡಿದ್ದವು. 1950ರ ದಶಕದಲ್ಲಿ ಹೆಚ್ಚು ಸಂಪೀಡನೆಯ ದೊಡ್ಡ ಎಂಜಿನ್ನುಗಳು ಬಂದಾಗ ಅವನ್ನು ತಿರುಗಿಸಲು 6 ವೋಲ್ಟಿನಲ್ಲಿ ಅಪಾರ ಪ್ರವಾಹ, ಅದಕ್ಕೆ ತಕ್ಕ ದಪ್ಪ ತಂತಿ ಬೇಕಾಯಿತು. ವೋಲ್ಟನ್ನು ಇಮ್ಮಡಿಗೊಳಿಸಿದರೆ ಅದೇ ಸಾಮರ್ಥ್ಯಕ್ಕೆ ಪ್ರವಾಹ ಅರ್ಧ ಸಾಕು. ಹೀಗೆ 12 ವೋಲ್ಟ್ ಗೆದ್ದಿತು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಮೋಟಾರ್ ಸೈಕಲ್ಲಿನಲ್ಲಿ ಮಾತ್ರ 6 ವೋಲ್ಟೇ ಇತ್ತು. ಕಿಕ್ ಹೊಡೆಯುವ ಗಾಡಿಗೆ ಅಷ್ಟು ಸಾಕಾಗಿತ್ತು.

ನಮ್ಮ ಹೊಲಗಳಿಗೆ ಬಂದ ಟ್ರ್ಯಾಕ್ಟರುಗಳು ಈ 12 ವೋಲ್ಟನ್ನು ಹೊತ್ತು ತಂದವು. ಅಂದರೆ ಜಾತ್ರೆಯ ಟ್ರೇಲರಿನ ದೀಪಕ್ಕೆ 12 ವೋಲ್ಟೇ ಒಳ್ಳೆಯದೆಂದು ಯಾರೂ ಲೆಕ್ಕ ಹಾಕಿ ನಿರ್ಧರಿಸಿದ್ದಲ್ಲ. ಅದು ಎಂಜಿನ್ ತಿರುಗಿಸಲು ಆರಿಸಿಕೊಂಡ ಸಂಖ್ಯೆ. ದೀಪಕ್ಕೆ ಬಳುವಳಿಯಾಗಿ ಬಂತು.

ಬೆಳಗ್ಗೆ ಚಾಲೂ ಆಗದ ಟ್ರ್ಯಾಕ್ಟರು

ಈ ಬಳುವಳಿಯಲ್ಲಿ ಒಂದು ತೊಡಕಿತ್ತು. ಸ್ಟಾರ್ಟರ್ ಬ್ಯಾಟರಿಯ ಕೆಲಸ ಕೆಲವೇ ಸೆಕೆಂಡು ನೂರಾರು ಆಂಪಿಯರ್ ಪ್ರವಾಹ ಕೊಡುವುದು. ಅದಕ್ಕಾಗಿ ಅದರೊಳಗೆ ತೆಳುವಾದ ಅನೇಕ ಫಲಕಗಳಿರುತ್ತವೆ. ಅದನ್ನು ರಾತ್ರಿಯಿಡೀ ಸ್ವಲ್ಪ ಸ್ವಲ್ಪವೇ ಬರಿದು ಮಾಡಿದರೆ ಫಲಕಗಳು ಬೇಗ ಕೆಡುತ್ತವೆ. ಇದಕ್ಕೆ ಪ್ರತಿಯಾಗಿ, ಮನೆಯ ಇನ್ವರ್ಟರುಗಳಲ್ಲಿರುವ ಟ್ಯೂಬುಲರ್ ಬ್ಯಾಟರಿಯ ಧನ ಫಲಕಗಳು ದಪ್ಪವಾಗಿದ್ದು ನಿಧಾನ ಬಳಕೆಗೆ ಒಗ್ಗಿರುತ್ತವೆ.

ಒಂದು ಲೆಕ್ಕ ಮಾಡಿ ನೋಡಿ. ಇಂಡಿಕೇಟರಿನ 21 ವ್ಯಾಟ್ ಬಲ್ಬುಗಳು ಮೂರು, ದಿನಕ್ಕೆ 5 ಗಂಟೆ ಉರಿದರೆ 315 ವ್ಯಾಟ್-ಗಂಟೆ. 12ರಿಂದ ಭಾಗಿಸಿದರೆ ಸುಮಾರು 26 ಆಂಪಿಯರ್-ಗಂಟೆ. 75 ಆಂಪಿಯರ್-ಗಂಟೆಯ ಬ್ಯಾಟರಿ ಎರಡು ರಾತ್ರಿಯಲ್ಲಿ ಮುಕ್ಕಾಲು ಭಾಗದ ಹತ್ತಿರ ಬರಿದಾಗುತ್ತದೆ. ಜಾತ್ರೆ ಮುಗಿದ ಬೆಳಗ್ಗೆ ಹತ್ತು ಜನ ಸೇರಿ ಟ್ರ್ಯಾಕ್ಟರು ನೂಕುವ ದೃಶ್ಯಕ್ಕೆ ಕಾರಣ ಇಷ್ಟೇ.

ಸೂರ್ಯ ಮತ್ತು ಎಲ್‌ಇಡಿ

ಈ ಲೆಕ್ಕವನ್ನು ಬದಲಿಸಿದ್ದು ಎರಡು ಅರೆವಾಹಕ ಸಾಧನಗಳು. ಮೊದಲನೆಯದು ಸೌರಕೋಶ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಚಾಪಿನ್, ಫುಲ್ಲರ್ ಮತ್ತು ಪಿಯರ್ಸನ್ ಸುಮಾರು 6 ಶೇಕಡಾ ದಕ್ಷತೆಯ ಸಿಲಿಕಾನ್ ಕೋಶವನ್ನು ಪ್ರದರ್ಶಿಸಿದರು. ಭಾರತದಲ್ಲಿ 1974ರಲ್ಲಿ ಸ್ಥಾಪನೆಯಾದ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1977ರಲ್ಲಿ ಸೌರಕೋಶವನ್ನು ತಯಾರಿಸಿತು. ಕರ್ನಾಟಕದಲ್ಲಿ ಹರೀಶ್ ಹಂದೆಯವರು 1995ರಲ್ಲಿ ಆರಂಭಿಸಿದ ಸೆಲ್ಕೋ, ಬ್ಯಾಂಕ್ ಸಾಲದ ನೆರವಿನಿಂದ ಹಳ್ಳಿಯ ಮನೆಗಳಿಗೆ ಸೌರದೀಪ ಒಯ್ದಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಚಿಕ್ಕ ಸೌರಫಲಕವೊಂದರ ಕೋಶಗಳನ್ನು ಎಣಿಸಿ ನೋಡಿ. ಹಲವು ಫಲಕಗಳಲ್ಲಿ 36 ಇರುತ್ತವೆ. ಒಂದು ಕೋಶ ಸುಮಾರು ಅರ್ಧ ವೋಲ್ಟ್ ಕೊಡುತ್ತದೆ, 36 ಸೇರಿ 18 ವೋಲ್ಟ್. 12 ವೋಲ್ಟಿನ ಬ್ಯಾಟರಿ ಪೂರ್ತಿ ತುಂಬಲು 14 ವೋಲ್ಟಿಗಿಂತ ತುಸು ಹೆಚ್ಚು ಬೇಕು. ಬಿಸಿಲಿಗೆ ಫಲಕ ಕಾದಾಗ ವೋಲ್ಟು ಇಳಿಯುತ್ತದೆ, ತಂತಿಯಲ್ಲೂ ಸ್ವಲ್ಪ ನಷ್ಟವಾಗುತ್ತದೆ. ಆದ್ದರಿಂದ 18. ಪ್ಲಾಂಟೆಯ ಸೀಸದ ಹಾಳೆ ಸೌರಫಲಕದ ಆಕಾರವನ್ನೂ ನಿರ್ಧರಿಸಿತು!

ಎರಡನೆಯದು ಬೆಳಕು ಸೂಸುವ ಡಯೋಡು, ಅಂದರೆ ಎಲ್‌ಇಡಿ. ಕೆಂಪು ಎಲ್‌ಇಡಿ 1962ರಲ್ಲೇ ಬಂದಿದ್ದರೂ ಬಿಳಿ ಬೆಳಕಿಗೆ ನೀಲಿ ಎಲ್‌ಇಡಿ ಬೇಕಿತ್ತು. ಅದನ್ನು ಸಾಧಿಸಿದ ಅಕಸಾಕಿ, ಅಮಾನೊ ಮತ್ತು ನಾಕಾಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ದೊರೆಯಿತು. 21 ವ್ಯಾಟಿನ ಬಲ್ಬಿನಷ್ಟು ಬೆಳಕನ್ನು 5 ವ್ಯಾಟಿನ ಎಲ್‌ಇಡಿ ಕೊಡುತ್ತದೆ.

ಶಾಕ್ ಇಲ್ಲ, ಬೆಂಕಿ ಇದೆ

'ಬ್ಯಾಟರಿ ಕರೆಂಟು ಏನೂ ಮಾಡೋದಿಲ್ಲ' ಎಂಬ ಮಾತನ್ನು ನೀವು ಕೇಳಿರಬಹುದು. ಅದು ಅರ್ಧ ಸತ್ಯ. ಒಣಗಿದ ಚರ್ಮದ ರೋಧ ಹೆಚ್ಚು. ಹಾಗಾಗಿ 12 ವೋಲ್ಟು ದೇಹದೊಳಗೆ ಹರಿಸುವ ಪ್ರವಾಹ ಸಾಮಾನ್ಯವಾಗಿ ಗಮನಕ್ಕೂ ಬರದಷ್ಟು ಕಡಿಮೆ. ಜಾತ್ರೆಯ ಬಯಲಲ್ಲಿ ಕಂಬದ ತಂತಿಗೆ ಕೊಂಡಿ ಹಾಕಿ 230 ವೋಲ್ಟ್ ಎಳೆದುಕೊಳ್ಳುವುದಕ್ಕೆ ಹೋಲಿಸಿದರೆ ಬ್ಯಾಟರಿ ಎಷ್ಟೋ ಸುರಕ್ಷಿತ. ಆದರೆ ಉಳಿದರ್ಧ ಸತ್ಯ ತಂತಿಯಲ್ಲಿದೆ.

60 ವ್ಯಾಟ್ ಬಳಸಲು 230 ವೋಲ್ಟಿನಲ್ಲಿ ಕಾಲು ಆಂಪಿಯರ್ ಸಾಕು. 12 ವೋಲ್ಟಿನಲ್ಲಿ 5 ಆಂಪಿಯರ್ ಬೇಕು. 1 ಚದರ ಮಿಲಿಮೀಟರಿನ ತಾಮ್ರದ ತಂತಿಯ ರೋಧ ಮೀಟರಿಗೆ ಸುಮಾರು 0.0175 ಓಮ್. ಬ್ಯಾಟರಿಯಿಂದ ಟ್ರೇಲರಿನ ತುದಿಗೆ 6 ಮೀಟರ್ ಎಂದರೆ ಹೋಗಿ ಬರಲು 12 ಮೀಟರ್, ರೋಧ 0.21 ಓಮ್. 5 ಆಂಪಿಯರಿಗೆ 1 ವೋಲ್ಟಿಗಿಂತ ಹೆಚ್ಚು ತಂತಿಯಲ್ಲೇ ನಷ್ಟ. ರೈಲ್ವೆಯವರು 110 ವೋಲ್ಟಿಗೆ ಹೋದದ್ದರ ಗುಟ್ಟು ಇದೇ.

ನಷ್ಟವಾದರೆ ದೀಪ ಮಂಕಾದೀತು, ಅಷ್ಟೇ. ಅಪಾಯ ಇರುವುದು ಶಾರ್ಟ್ ಆದಾಗ. ಟ್ರೇಲರು ಕುಲುಕುತ್ತಾ ಸಾಗುವಾಗ ತಂತಿ ಕಬ್ಬಿಣದ ಅಂಚಿಗೆ ಉಜ್ಜಿ ಅದರ ಹೊದಿಕೆ ಸವೆಯುತ್ತದೆ. ಎರಡು ತಂತಿ ತುದಿಯಲ್ಲಿ ಕೂಡಿದವು ಎನ್ನಿ. 12ನ್ನು 0.21ರಿಂದ ಭಾಗಿಸಿದರೆ 57 ಆಂಪಿಯರ್. ಸ್ಟಾರ್ಟರು ತಿರುಗಿಸುವ ಬ್ಯಾಟರಿ ಇಷ್ಟನ್ನು ಸರಾಗವಾಗಿ ಕೊಡುತ್ತದೆ. ಆಗ ತಂತಿಯಲ್ಲಿ ಹುಟ್ಟುವ ಉಷ್ಣ ಸುಮಾರು 680 ವ್ಯಾಟ್. ಚಿಕ್ಕದೊಂದು ವಿದ್ಯುತ್ ಒಲೆಯನ್ನು ಕಣಕಿಯ ಮೇಲೆ, ಮಲಗಿದ ಮಕ್ಕಳ ಪಕ್ಕದಲ್ಲಿ ಹಚ್ಚಿಟ್ಟಂತೆ. ಕಬ್ಬು ಕಡಿಯುವ ಗ್ಯಾಂಗಿನವರ ರವದಿಯ ಗುಡಿಸಲುಗಳಿಗೂ ಈ ಮಾತು ಅನ್ವಯಿಸುತ್ತದೆ.

ಕಾರು, ಟ್ರ್ಯಾಕ್ಟರುಗಳಲ್ಲಿ ಇದನ್ನು ತಡೆಯಲು ತಯಾರಕರೇ ಫ್ಯೂಸು ಇಟ್ಟಿರುತ್ತಾರೆ. ನಾವು ಬ್ಯಾಟರಿಯ ತುದಿಯಿಂದ ನೇರವಾಗಿ ತಂತಿ ಎಳೆದಾಗ ಫ್ಯೂಸನ್ನು ದಾಟಿ ಎಳೆದಿರುತ್ತೇವೆ. ಇತಿಹಾಸ ನಮಗೆ ಬ್ಯಾಟರಿ ಕೊಟ್ಟಿತು, ವೋಲ್ಟು ಕೊಟ್ಟಿತು, ಫ್ಯೂಸು ಮಾತ್ರ ಹಿಂದೆಯೇ ಉಳಿಯಿತು.

ನಿಮ್ಮ ಟ್ರೇಲರಿಗೆ

ಹಾಗಾದರೆ ಎಷ್ಟು ಬೇಕು? 5 ವ್ಯಾಟಿನ 3 ದೀಪ 5 ಗಂಟೆ, 15 ವ್ಯಾಟಿನ ಒಂದು ಫ್ಯಾನು 6 ಗಂಟೆ, ನಾಲ್ಕು ಮೊಬೈಲಿಗೆ 40 ವ್ಯಾಟ್-ಗಂಟೆ. ಒಟ್ಟು 205 ವ್ಯಾಟ್-ಗಂಟೆ, ಅಂದರೆ ಸುಮಾರು 17 ಆಂಪಿಯರ್-ಗಂಟೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದು. ಆದ್ದರಿಂದ 40 ಆಂಪಿಯರ್-ಗಂಟೆಯ ಪ್ರತ್ಯೇಕ ಬ್ಯಾಟರಿ, ಅದನ್ನು ಹಗಲಲ್ಲಿ ತುಂಬಲು 75 ವ್ಯಾಟಿನ ಫಲಕ ಮತ್ತು ಒಂದು ಚಾರ್ಜ್ ಕಂಟ್ರೋಲರು ಸಾಕು. ಟ್ರ್ಯಾಕ್ಟರಿನ ಬ್ಯಾಟರಿ ಅದರ ಪಾಡಿಗೆ ಇರಲಿ.

ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೆ 10 ಆಂಪಿಯರಿನ ಫ್ಯೂಸು ಹಾಕಿ. ಅದು ರಕ್ಷಿಸುವುದು ದೀಪವನ್ನಲ್ಲ, ತಂತಿಯನ್ನು. ಹಾಗಾಗಿ ದೀಪದ ಬಳಿ ಇಟ್ಟರೆ ಪ್ರಯೋಜನವಿಲ್ಲ. ತಂತಿ 2.5 ಚದರ ಮಿಲಿಮೀಟರಿನದಿರಲಿ. ಋಣ ತಂತಿಯ ಬದಲು ಟ್ರೇಲರಿನ ಕಬ್ಬಿಣವನ್ನೇ ಬಳಸಬೇಡಿ. ಜೋಡಣೆಯ ಪಿನ್ನಿನ ತುಕ್ಕು ಪ್ರವಾಹಕ್ಕೆ ಅಡ್ಡಿಯಾಗಿ ದೀಪ ಮಿಣುಕುತ್ತದೆ. ಸೀಸದ ಬ್ಯಾಟರಿ ತುಂಬುವಾಗ ಹೈಡ್ರೋಜನ್ ಹೊರಬರುವುದರಿಂದ ಅದನ್ನು ಮಲಗುವ ಜಾಗದ ಹೊರಗೆ, ಗಾಳಿಯಾಡುವಲ್ಲಿ ಕಟ್ಟಿ.

ಸೀಸದ ಏಕಸ್ವಾಮ್ಯ ಈಗ ಮುಗಿಯುತ್ತಿದೆ. 1997ರಲ್ಲಿ ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್ ಪ್ರಕಟಿಸಿದ ಸಂಶೋಧನೆಯಿಂದ ಲಿಥಿಯಮ್ ಕಬ್ಬಿಣ ಫಾಸ್ಫೇಟ್ ಬ್ಯಾಟರಿಗಳಿಗೆ ದಾರಿಯಾಯಿತು. ಅವುಗಳ ಒಂದು ಕೋಶ 3.2 ವೋಲ್ಟ್, ನಾಲ್ಕು ಸೇರಿದರೆ 12.8. ರಸಾಯನ ಬದಲಾದರೂ ಹಳೆಯ 12ಕ್ಕೆ ಹೊಂದಿಕೆಯಾಗುವಂತೆಯೇ ಜೋಡಿಸುತ್ತಾರೆ. ಇವು ಹಗುರ, ಹೆಚ್ಚು ಕಾಲ ಬಾಳುತ್ತವೆ. ಆದರೆ ಶಾರ್ಟ್ ಆದರೆ ನೂರಾರು ಆಂಪಿಯರ್ ಕೊಡುವುದರಲ್ಲಿ ಇವೂ ಹಿಂದೆ ಬೀಳುವುದಿಲ್ಲ. ಬ್ಯಾಟರಿ ಯಾವುದೇ ಇರಲಿ, ಓಮನ ನಿಯಮ ಒಂದೇ. ಕೆಲವೇ ರೂಪಾಯಿಯ ಆ ಫ್ಯೂಸನ್ನು ಮೊದಲು ಕೊಂಡು, ಬಲ್ಬನ್ನು ಆಮೇಲೆ ಕೊಳ್ಳಿ.