ಅಗ್ಗಿಷ್ಟಿಕೆಯ ಮರ, ಅಮ್ಮನ ಗುಂಡಿಗಳು

ಕಿಟ್‌ನಲ್ಲಿ ಬಂದ ಗಿಟಾರ್‌ಗೆ ನಾನು ಹಚ್ಚಿದ ಮೊದಲ ಕೋಟ್ ಲ್ಯಾಕರ್ ಮಳೆಗಾಲದ ತೇವಕ್ಕೆ ಬೆಳ್ಳಗೆ ಮಂಕಾಯಿತು. ಮತ್ತೆ ಸ್ಯಾಂಡ್‌ಪೇಪರ್ ಹಿಡಿದು ಉಜ್ಜುತ್ತಾ ಕೂತಾಗ ನೆನಪಾದದ್ದು ಕ್ವೀನ್ ರಾಕ್ ತಂಡದ ಗಿಟಾರ್ ವಾದಕ ಬ್ರಯಾನ್ ಮೇ.

1963ರಲ್ಲಿ ಲಂಡನ್ ಬಳಿಯ ಫೆಲ್ಟಮ್‌ನಲ್ಲಿ ಈ ಹುಡುಗ ಅಪ್ಪ ಹೆರಾಲ್ಡ್ ಜೊತೆ ಸೇರಿ ಗಿಟಾರ್ ಕಟ್ಟಲು ಹೊರಟ. ಅಂಗಡಿಯದನ್ನು ಕೊಳ್ಳಲು ದುಡ್ಡಿರಲಿಲ್ಲ. ಕಿಟ್ಟಂತೂ ಎಲ್ಲಿಯದು, ಮನೆಯ ಹಳೆ ಸಾಮಾನೇ ಕಿಟ್ಟು! ಹಳೆಯ ಅಗ್ಗಿಷ್ಟಿಕೆಯ ಮಹಾಗನಿ ಹಲಗೆ ಗಿಟಾರಿನ ಕುತ್ತಿಗೆಯಾಯಿತು. ಅದರಲ್ಲಿ ಹುಳು ಕೊರೆದ ತೂತುಗಳಿದ್ದವು. ಬೆಂಕಿಕಡ್ಡಿ ತುರುಕಿ ಮುಚ್ಚಿದ. ಅಮ್ಮನ ಡಬ್ಬಿಯಲ್ಲಿದ್ದ ಮುತ್ತಿನಚಿಪ್ಪಿನ ಗುಂಡಿಗಳು ಫ್ರೆಟ್‌ಬೋರ್ಡಿನ ಚುಕ್ಕಿಗಳಾದವು. ಸ್ವರವನ್ನು ಏರಿಳಿಸುವ ಟ್ರೆಮೊಲೊಗೆ ಹಳೆ ಮೋಟಾರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗುಗಳು, ಅದರ ಹಿಡಿಯ ತುದಿಗೆ ಸ್ವೆಟರ್ ಹೆಣೆಯುವ ಕಡ್ಡಿಯ ತುಂಡು. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ಗಳನ್ನೂ ಮೊದಲು ತಾನೇ ಸುತ್ತಿದ್ದ. ಆದರೆ ತಂತಿ ಬಾಗಿಸಿ ನುಡಿಸಿದರೆ ಸದ್ದು ಕೆಡುತ್ತಿತ್ತು. ಕೊನೆಗೆ ಬರ್ನ್ಸ್ ಕಂಪನಿಯ ಮೂರನ್ನು ಕೊಂಡು, ಕಿರುಚದಿರಲೆಂದು ಒಳಗೆ ಅರಾಲ್ಡೈಟ್ ಅಂಟು ತುಂಬಿದ.

ಮುಗಿಯಲು ಸುಮಾರು ಎರಡು ವರ್ಷ ಹಿಡಿಯಿತು. ನಾನು ಎರಡೇ ವಾರಕ್ಕೆ ಗೊಣಗುತ್ತಿದ್ದೆ!

ಮುಂದೆ ಕ್ವೀನ್ ತಂಡದ ಹಾಡುಗಳಲ್ಲಿ ಮೊಳಗಿದ್ದು 'ರೆಡ್ ಸ್ಪೆಷಲ್' ಎಂಬ ಇದೇ ಗಿಟಾರ್. 2002ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ತಾರಸಿಯ ಮೇಲೆ ನಿಂತು ಮೇ ನುಡಿಸಿದ್ದೂ ಇದನ್ನೇ.